ಮೂರು ದೇಶ, ಒಂದೇ ಕಡಲು: ಒಪ್ಪಂದಗಳಿಂದ ಏನಾದರೂ ಆಗುತ್ತದೆಯೇ?

ಪ್ರಶ್ನೆ: ಮೀನು, ಆಮೆ, ಕಡಲಹಕ್ಕಿಗಳು ದೇಶದ ಗಡಿ ನೋಡಿಕೊಂಡು ಓಡಾಡುವುದಿಲ್ಲ. ಅವುಗಳನ್ನು ಉಳಿಸಲು ನೆರೆಯ ದೇಶಗಳು ಒಪ್ಪಂದ ಮಾಡಿಕೊಂಡ ಸುದ್ದಿಯನ್ನು ಆಗಾಗ ಓದುತ್ತೇವೆ. ಸಹಿ ಹಾಕಿ ಫೋಟೊ ತೆಗೆಸಿಕೊಂಡ ಮೇಲೆ ನಿಜಕ್ಕೂ ಕೆಲಸ ನಡೆಯುತ್ತದೆಯೇ?

ಉತ್ತರ: ನಡೆಯುತ್ತದೆ, ಗಡಿಯ ಎರಡೂ ಬದಿಯವರು ಒಂದೇ ಹೊತ್ತಿಗೆ, ಒಂದೇ ವಿಧಾನದಲ್ಲಿ ಎಣಿಸಲು ಒಪ್ಪಿಕೊಂಡರೆ. ಸಹಿಗಿಂತ ಈ ಎಣಿಕೆ ದೊಡ್ಡದು ಎಂಬುದು ನನ್ನ ನಂಬಿಕೆ. ಅದಕ್ಕೆ ಆಧಾರ ಉತ್ತರ ಯುರೋಪಿನ ವಾಡನ್ ಸಮುದ್ರ.

ನೆದರ್ಲೆಂಡ್ಸ್‌ನಿಂದ ಹೊರಟು ಜರ್ಮನಿಯ ಕರಾವಳಿಯನ್ನು ಬಳಸಿ ಡೆನ್ಮಾರ್ಕ್‌ವರೆಗೆ, ಸುಮಾರು 500 ಕಿಲೋಮೀಟರ್ ಉದ್ದಕ್ಕೂ ಈ ಕಡಲು ದಿನಕ್ಕೆರಡು ಬಾರಿ ಹಿಂದೆ ಸರಿಯುತ್ತದೆ. ಇಳಿತದ ಹೊತ್ತಿಗೆ ಕಣ್ಣು ಹಾಯುವಷ್ಟು ದೂರ ಕೆಸರು ಮತ್ತು ಮರಳಿನ ಬಯಲು ತೆರೆದುಕೊಳ್ಳುತ್ತದೆ. ವರ್ಷಕ್ಕೆ ಒಂದು ಕೋಟಿಗೂ ಹೆಚ್ಚು ವಲಸೆ ಹಕ್ಕಿಗಳು ಇಲ್ಲಿ ಇಳಿದು ಹೊಟ್ಟೆ ತುಂಬಿಸಿಕೊಳ್ಳುತ್ತವೆ. ಮೂರೂ ದೇಶಗಳ ಸಚಿವರು ಇದರ ಬಗ್ಗೆ ಮೊದಲ ಬಾರಿ ಒಟ್ಟಿಗೆ ಕುಳಿತಿದ್ದು 1978ರಲ್ಲಿ. 1982ರಲ್ಲಿ ಜಂಟಿ ಘೋಷಣೆ ಬಂತು. 1987ರಲ್ಲಿ ಜರ್ಮನಿಯ ವಿಲ್ಹೆಲ್ಮ್‌ಸ್‌ಹಾಫನ್‌ನಲ್ಲಿ ಮೂವರಿಗೂ ಸೇರಿದ ಒಂದು ಕಾರ್ಯಾಲಯ ತೆರೆಯಿತು.

ಮರು ವರ್ಷವೇ ಪರೀಕ್ಷೆ ಎದುರಾಯಿತು. 1988ರ ವಸಂತದಲ್ಲಿ ಡೆನ್ಮಾರ್ಕ್‌ನ ಆನ್ಹೋಲ್ಟ್ ದ್ವೀಪದ ಬಳಿ ಸೀಲ್ ಎಂಬ ಕಡಲ ಸಸ್ತನಿಗಳು ಸಾಯತೊಡಗಿದವು. ನಾಯಿಗಳಿಗೆ ಬರುವ ಡಿಸ್ಟೆಂಪರ್ ರೋಗದ ವೈರಾಣುವಿಗೆ ಹತ್ತಿರದ ಸಂಬಂಧಿಯಾದ ವೈರಾಣು ಅದಕ್ಕೆ ಕಾರಣ. ಕೆಲವೇ ತಿಂಗಳಲ್ಲಿ ಉತ್ತರ ಯುರೋಪಿನ ಕಡಲುಗಳಲ್ಲಿ ಸುಮಾರು 18 ಸಾವಿರ ಸೀಲ್‌ಗಳು ಸತ್ತವು. ವಾಡನ್ ಸಮುದ್ರದ ಸೀಲ್‌ಗಳಲ್ಲಂತೂ ಅರ್ಧಕ್ಕಿಂತ ಹೆಚ್ಚು ಹೋದವು. ಒಂದು ದೇಶದ ಮರಳುದಿಬ್ಬದ ಮೇಲೆ ಹುಟ್ಟಿದ ಮರಿ ಇನ್ನೊಂದು ದೇಶದ ನೀರಿನಲ್ಲಿ ಮೀನು ಹಿಡಿಯುವಾಗ, ರೋಗವನ್ನು ತನ್ನ ಗಡಿಯೊಳಗೆ ತಡೆಯುತ್ತೇನೆ ಎಂದು ಯಾವ ಸರ್ಕಾರವೂ ಹೇಳುವಂತಿರಲಿಲ್ಲ. 1990ರಲ್ಲಿ ಮೂರೂ ದೇಶಗಳು ಸೀಲ್ ಒಪ್ಪಂದಕ್ಕೆ ಸಹಿ ಹಾಕಿದವು. ವಲಸೆ ಜೀವಿಗಳ ಕುರಿತ ಬಾನ್ ಒಡಂಬಡಿಕೆಯಡಿ ಮೂಡಿದ ಮೊದಲ ಒಪ್ಪಂದ ಇದೇ.

ಈ ಒಪ್ಪಂದದಡಿ ನಡೆಯುವ ಎಣಿಕೆಯನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಸೀಲ್‌ಗಳು ಮರಿ ಹಾಕುವ ಜೂನ್‌ನಲ್ಲಿ ಮತ್ತು ಹಳೆಯ ಕೂದಲು ಉದುರಿಸುವ ಆಗಸ್ಟ್‌ನಲ್ಲಿ ಮೂರೂ ದೇಶಗಳ ವಿಮಾನಗಳು ಇಳಿತದ ವೇಳೆಯನ್ನೇ ನೋಡಿಕೊಂಡು ಹಾರುತ್ತವೆ. ಆಗ ಸೀಲ್‌ಗಳು ದಿಬ್ಬಗಳ ಮೇಲೆ ಮಲಗಿರುತ್ತವೆ, ಮೇಲಿನಿಂದ ಎಣಿಸಬಹುದು. ಹಾರಾಟದ ದಿನಗಳನ್ನು ಮೊದಲೇ ಹೊಂದಿಸಿಕೊಂಡಿರುತ್ತಾರೆ. ಒಬ್ಬರು ಈ ವಾರ, ಇನ್ನೊಬ್ಬರು ಎರಡು ವಾರ ಬಿಟ್ಟು ಎಣಿಸಿದರೆ ಅದೇ ಪ್ರಾಣಿ ಎರಡೂ ಕಡೆಯ ಲೆಕ್ಕಕ್ಕೆ ಸೇರಬಹುದು, ಅಥವಾ ಯಾರ ಲೆಕ್ಕಕ್ಕೂ ಸಿಗದೆ ಹೋಗಬಹುದು. ನೀರಿನಲ್ಲಿರುವ ಸೀಲ್‌ಗಳು ಹೇಗೂ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಪ್ರತಿ ವರ್ಷವೂ ಅದೇ ಕ್ರಮದಲ್ಲಿ ಎಣಿಸಿದರೆ ಸಂಖ್ಯೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ನಂಬಿಕೆಗೆ ಅರ್ಹವಾಗಿ ಗೊತ್ತಾಗುತ್ತದೆ. 2002ರಲ್ಲಿ ಅದೇ ರೋಗ ಮತ್ತೆ ಬಂದು ಸಾವಿರಾರು ಸೀಲ್‌ಗಳನ್ನು ಕೊಂದಿತು. ಆದರೂ ಅವು ಚೇತರಿಸಿಕೊಂಡು, ಕಳೆದ ದಶಕದಲ್ಲಿ ಎಣಿಕೆ 25 ಸಾವಿರ ದಾಟಿತು. ಈಚೆಗೆ ಮತ್ತೆ ಇಳಿಮುಖವಾಗಿದೆ. ಆ ಇಳಿಕೆಯನ್ನು ಸಕಾಲಕ್ಕೆ ಗುರುತಿಸಲು ಸಾಧ್ಯವಾಗಿರುವುದೂ ಈ ಜಂಟಿ ಎಣಿಕೆಯಿಂದಲೇ.

ಇದೇ ನೀರಿನಲ್ಲಿ ಜರ್ಮನಿ ಮತ್ತು ನೆದರ್ಲೆಂಡ್ಸ್ ನಡುವೆ ಎಮ್ಸ್ ನದಿಯ ಅಳಿವೆಯಲ್ಲಿ ಗಡಿ ಎಲ್ಲಿದೆ ಎಂಬುದು ಇಂದಿಗೂ ತೀರ್ಮಾನವಾಗಿಲ್ಲ. ತಮ್ಮ ತಮ್ಮ ವಾದವನ್ನು ಬಿಟ್ಟುಕೊಡದೆಯೇ 1960ರಲ್ಲಿ ಅಲ್ಲಿನ ಕೆಲಸಗಳನ್ನು ಹಂಚಿಕೊಳ್ಳುವ ಒಪ್ಪಂದ ಮಾಡಿಕೊಂಡರು. ಗಡಿ ವಿವಾದ ಮುಗಿಯುವವರೆಗೆ ಪರಿಸರದ ಕೆಲಸ ಕಾಯಬೇಕು ಎನ್ನುವವರಿಗೆ ನಾನು ಯಾವಾಗಲೂ ಈ ಅಳಿವೆಯನ್ನೇ ತೋರಿಸುತ್ತೇನೆ.

ಆದರೆ ಮೂರೇ ದೇಶಗಳ ಸಹಕಾರ ಎಲ್ಲದಕ್ಕೂ ಸಾಲದು. ಉಲ್ಲಂಕಿಗಳ ಬಳಗದ ರೆಡ್ ನಾಟ್ ಎಂಬ ಹಕ್ಕಿಯನ್ನು ತೆಗೆದುಕೊಳ್ಳಿ. ಸೈಬೀರಿಯಾದ ತೈಮಿರ್‌ನಲ್ಲಿ ಹುಟ್ಟುವ ಈ ಹಕ್ಕಿಗಳು ವಾಡನ್ ಸಮುದ್ರದ ಮೂಲಕ ಸಾಗಿ ಪಶ್ಚಿಮ ಆಫ್ರಿಕಾದ ಮಾರಿಟೇನಿಯಾದಲ್ಲಿರುವ ಬಾಂಕ್ ದಾರ್ಗ್ಯಾನ್ ಕರಾವಳಿಯಲ್ಲಿ ಚಳಿಗಾಲ ಕಳೆಯುತ್ತವೆ. ಡಚ್ ಸಂಶೋಧಕರ ನೇತೃತ್ವದ ತಂಡವೊಂದು 2016ರಲ್ಲಿ ಪ್ರಕಟಿಸಿದ ಅಧ್ಯಯನ ನನ್ನನ್ನು ಬಹಳ ಕಾಡಿದೆ. ಆರ್ಕ್‌ಟಿಕ್‌ನಲ್ಲಿ ಹಿಮ ಬೇಗ ಕರಗಿದ ವರ್ಷಗಳಲ್ಲಿ ಹುಟ್ಟಿದ ಮರಿಗಳ ಮೈ ಚಿಕ್ಕದು, ಕೊಕ್ಕೂ ಗಿಡ್ಡ ಎಂಬುದು ಪೋಲೆಂಡ್‌ನಲ್ಲಿ ದಶಕಗಳ ಕಾಲ ಹಿಡಿದು ಅಳೆದ ಹಕ್ಕಿಗಳಿಂದ ತಿಳಿಯಿತು. ಮಾರಿಟೇನಿಯಾದಲ್ಲಿ ಅವುಗಳಿಗೆ ಬೇಕಾದ ಕಪ್ಪೆಚಿಪ್ಪುಗಳು ಕೆಸರಿನ ಆಳದಲ್ಲಿರುತ್ತವೆ. ಗಿಡ್ಡ ಕೊಕ್ಕಿನವು ಅಲ್ಲಿಗೆ ತಲುಪಲಾರದೆ ಕಡಲಹುಲ್ಲಿನ ಬೇರುಗಳನ್ನು ತಿಂದು ದಿನ ದೂಡುತ್ತವೆ, ಹೆಚ್ಚು ಸಾಯುತ್ತವೆ. ಉತ್ತರ ಧ್ರುವದ ಬಳಿಯ ಬಿಸಿಯೇರಿಕೆಯ ಪೆಟ್ಟು ಆಫ್ರಿಕಾದ ಕೆಸರಿನಲ್ಲಿ ಕಾಣಿಸಿಕೊಂಡಿತು. ಒಂದೇ ಕಡೆ ಕುಳಿತವರಿಗೆ ಈ ಕಾರಣ ಎಂದೂ ಹೊಳೆಯುತ್ತಿರಲಿಲ್ಲ. ವಾಡನ್ ಸಮುದ್ರದವರು 2014ರಲ್ಲಿ ಬಾಂಕ್ ದಾರ್ಗ್ಯಾನ್ ರಾಷ್ಟ್ರೀಯ ಉದ್ಯಾನದೊಂದಿಗೂ ಸಹಕಾರದ ಒಪ್ಪಂದ ಮಾಡಿಕೊಂಡರು.

ನಿಮ್ಮ ಅನುಮಾನಕ್ಕೆ ಕಾರಣವೇ ಇಲ್ಲ ಎನ್ನಲಾರೆ. ಸೀಲ್ ಒಪ್ಪಂದ ಕಾನೂನಿನಂತೆ ಕಟ್ಟಿಹಾಕುತ್ತದೆ, 1982ರ ಘೋಷಣೆಗೆ ಆ ಬಲವಿಲ್ಲ. ಅನಿಲ ಬಾವಿಯಂಥದ್ದನ್ನು ಆಯಾ ದೇಶವೇ ನಿರ್ಧರಿಸುತ್ತದೆ; ಮೀನುಗಾರಿಕೆಯಲ್ಲಿ ಐರೋಪ್ಯ ಒಕ್ಕೂಟದ, ಹಡಗು ಮಾರ್ಗದಲ್ಲಿ ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ನಿಯಮಗಳೂ ಇವೆ. 2019ರ ಜನವರಿಯಲ್ಲಿ ವಾಡನ್ ಸಮುದ್ರದ ದ್ವೀಪಗಳ ಉತ್ತರಕ್ಕೆ ಬಿರುಗಾಳಿಗೆ ಸಿಕ್ಕ ಎಂಎಸ್‌ಸಿ ಜೋಯಿ ಎಂಬ ಹಡಗಿನಿಂದ 342 ಕಂಟೇನರ್‌ಗಳು ಕಡಲಿಗೆ ಬಿದ್ದವು. ತನಿಖೆಯನ್ನು ನೆದರ್ಲೆಂಡ್ಸ್, ಜರ್ಮನಿ ಮತ್ತು ಹಡಗು ನೋಂದಣಿಯಾಗಿದ್ದ ಪನಾಮಾ ಒಟ್ಟಾಗಿ ನಡೆಸಿದವು. ಅನಾಹುತವಾದ ಮೇಲೆ ಒಗ್ಗೂಡುವುದು ಇವರಿಗೆ ಚೆನ್ನಾಗಿ ಬರುತ್ತದೆ. ಹಣ ತರುವ ಯೋಜನೆಗೆ ಮೊದಲೇ ಬೇಡ ಎನ್ನುವುದು ಕಷ್ಟ. ಜರ್ಮನಿಯ ಬೋರ್ಕುಮ್ ದ್ವೀಪದ ಉತ್ತರಕ್ಕೆ ಜರ್ಮನಿ ಮತ್ತು ನೆದರ್ಲೆಂಡ್ಸ್ ಗಡಿಯಲ್ಲೇ ಇರುವ ನಿಕ್ಷೇಪದಿಂದ ಅನಿಲ ತೆಗೆಯುವುದರ ವಿರುದ್ಧ ಪರಿಸರ ಸಂಘಟನೆಗಳು ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಒಟ್ಟಿಗೆ ಎಣಿಸಿದ ಲೆಕ್ಕ ಕೈಯಲ್ಲಿದ್ದರೆ ಅಂಥ ಕಡೆ ವಾದಿಸಲು ಆಧಾರವಾದರೂ ಇರುತ್ತದೆ.