ಥರ್ಮೋಕೋಲ್ ಸರ್ಫ್‌ಬೋರ್ಡ್‌ಗೆ ಯಾವ ಇಪಾಕ್ಸಿ ಒಳ್ಳೆಯದು?

ಪ್ರಶ್ನೆ: ದಟ್ಟವಾದ ಥರ್ಮೋಕೋಲ್‌ನಲ್ಲಿ ಆರು ಅಡಿಯ ಸರ್ಫ್‌ಬೋರ್ಡ್ ಕೆತ್ತಿ ಇಟ್ಟಿದ್ದೇನೆ. ಇನ್ನು ಫೈಬರ್‌ಗ್ಲಾಸ್ ಬಟ್ಟೆ ಹೊದಿಸಬೇಕು. ಅಂಗಡಿಯಲ್ಲಿ ಹತ್ತಾರು ಬಗೆಯ ಇಪಾಕ್ಸಿ ಇವೆ. ಯಾವುದನ್ನು ಕೊಳ್ಳಲಿ?

ಉತ್ತರ: ಇಪಾಕ್ಸಿಯನ್ನೇ ಹುಡುಕುತ್ತಿದ್ದೀರಿ, ಅದೇ ಸರಿ. ನಮ್ಮ ಕರಾವಳಿಯಲ್ಲಿ ಫೈಬರ್ ದೋಣಿ ಕಟ್ಟುವವರ ಬಳಿ ಸುಲಭವಾಗಿ ಸಿಗುವುದು ಪಾಲಿಯೆಸ್ಟರ್ ರೆಸಿನ್ (ರೆಸಿನ್ ಎಂದರೆ ಬಟ್ಟೆಗೆ ಹಚ್ಚಿದ ಮೇಲೆ ಗಟ್ಟಿಯಾಗುವ ಅಂಟುದ್ರವ, ಇಪಾಕ್ಸಿಯೂ ಒಂದು ರೆಸಿನ್ನೇ). ಅಗ್ಗವೆಂದು ಅದನ್ನು ತರಬೇಡಿ. ಅದರಲ್ಲಿರುವ ಸ್ಟೈರೀನ್ ಎಂಬ ದ್ರಾವಕ ತಗುಲಿದರೆ ನೀವು ವಾರಗಟ್ಟಲೆ ಕೆತ್ತಿದ ಥರ್ಮೋಕೋಲ್ ಕಣ್ಣೆದುರೇ ಕರಗಿ ಗುಳಿಬೀಳುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ದಶಕಗಳ ಕಾಲ ಪಾಲಿಯೆಸ್ಟರ್ ನಡೆದದ್ದು ಅಲ್ಲಿಯ ಬೋರ್ಡ್‌ಗಳ ಒಡಲು ಪಾಲಿಯುರೆಥೇನ್ ಫೋಮ್ ಆಗಿದ್ದರಿಂದ. 2005ರ ಡಿಸೆಂಬರ್‌ನಲ್ಲಿ, ಅಂಥ ಫೋಮ್ ಪೂರೈಸುತ್ತಿದ್ದ ಅತಿದೊಡ್ಡ ಕಂಪನಿ ಕ್ಲಾರ್ಕ್ ಫೋಮ್ ದಿಢೀರನೆ ಬಾಗಿಲು ಮುಚ್ಚಿತು. ಆಮೇಲೆ ಬಹಳ ಮಂದಿ ಥರ್ಮೋಕೋಲ್ ಮತ್ತು ಇಪಾಕ್ಸಿಯ ಜೋಡಿಯತ್ತ ಹೊರಳಿದರು.

ಇನ್ನು ಆಯ್ಕೆಗೆ ಬರೋಣ. ಡಬ್ಬಿಯ ಮೇಲಿನ ‘ಸ್ಫಟಿಕದಂತೆ ಸ್ವಚ್ಛ’ ಎಂಬ ಮಾತನ್ನು ನಂಬಿ ಕೊಳ್ಳಬೇಡಿ. ಅಂಗಡಿಯವರಿಂದ ತಾಂತ್ರಿಕ ವಿವರದ ಹಾಳೆ ಕೇಳಿ ಪಡೆಯಿರಿ. ಮೊದಲು ನೋಡಬೇಕಾದದ್ದು ಸ್ನಿಗ್ಧತೆ, ಅಂದರೆ ದ್ರವ ಎಷ್ಟು ಮಂದವಾಗಿದೆ ಎಂಬುದು. ರೆಸಿನ್ ಗಟ್ಟಿಯಾಗಲು ಸೇರಿಸುವ ಹಾರ್ಡನರ್ ಬೆರೆಸಿದ ಮೇಲೆ ಅದು ಸುಮಾರು 500ರಿಂದ 1000 ಸೆಂಟಿಪಾಯ್ಸ್, ಅಂದರೆ ಹೆಚ್ಚುಕಡಿಮೆ ಹರಳೆಣ್ಣೆಯಷ್ಟು ಇರಬೇಕು. ಜೇನುತುಪ್ಪದಷ್ಟು ಮಂದವಾದರೆ ಬಟ್ಟೆಯ ಎಳೆಗಳ ನಡುವೆ ಇಳಿಯುವುದಿಲ್ಲ. ಬಿಳಿ ಚುಕ್ಕೆಗಳು ಉಳಿಯುತ್ತವೆ, ಬೋರ್ಡ್ ಸುಮ್ಮನೆ ಭಾರವಾಗುತ್ತದೆ. ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಕಾಣುವ ಎಲ್‌ವೈ 556 ಗಟ್ಟಿಮುಟ್ಟಾದ ರೆಸಿನ್ ನಿಜ, ಆದರೆ ಬೆರೆಸುವ ಮೊದಲು ಅದು 10,000 ಸೆಂಟಿಪಾಯ್ಸ್‌ಗೂ ಮಿಕ್ಕಿದ್ದು. ಬಿಸಿ ಮಾಡಿದರೆ ತೆಳುವಾಗುತ್ತದೆ, ಆದರೆ ಅಷ್ಟೇ ಬೇಗ ಗಟ್ಟಿಯೂ ಆಗುತ್ತದೆ. ಮೇಜು ಮತ್ತು ಒಡವೆಗಳಿಗೆ ಎರಕ ಹೊಯ್ಯುವ ರೆಸಿನ್ ಬೇಕಾದಷ್ಟು ತೆಳುವಾಗಿರುತ್ತದೆ. ಆದರೆ ಅದು ದಪ್ಪ ಪದರಕ್ಕಾಗಿ ಮಾಡಿದ್ದು. ತೆಳು ಪದರದಲ್ಲಿ ದಿನಗಟ್ಟಲೆ ಮೆತ್ತಗೇ ಉಳಿಯಬಹುದು. ಲ್ಯಾಮಿನೇಶನ್‌ಗೆಂದೇ, ಅಂದರೆ ಬಟ್ಟೆಗೆ ತೆಳುವಾಗಿ ಹಚ್ಚಲೆಂದೇ ಮಾಡಿದ, ಬಿಸಿಲಿಗೆ ಬೇಗ ಹಳದಿಯಾಗದಂತೆ ಯುವಿ ತಡೆ ಸೇರಿಸಿದ ರೆಸಿನ್ ಕೇಳಿ.

ನಿಜವಾದ ಆಯ್ಕೆ ಇರುವುದು ಹಾರ್ಡನರ್‌ನಲ್ಲಿ. ಹಾಳೆಯಲ್ಲಿ ‘ಬಳಕೆಯ ಅವಧಿ 30 ನಿಮಿಷ’ ಎಂದಿದ್ದರೆ ಅದು ಸಾಮಾನ್ಯವಾಗಿ 25 ಡಿಗ್ರಿಯಲ್ಲಿ, 100 ಗ್ರಾಂ ಮಿಶ್ರಣಕ್ಕೆ ಹೇಳಿದ ಮಾತು. ಉಷ್ಣತೆ 10 ಡಿಗ್ರಿ ಏರಿದರೆ ಅವಧಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮೂಲ್ಕಿಯಲ್ಲೋ ಸಸಿಹಿತ್ಲುವಿನಲ್ಲೋ ಏಪ್ರಿಲ್ ತಿಂಗಳ ಶೆಡ್ಡಿನೊಳಗೆ ನಿಮಗೆ ಉಳಿಯುವುದು ಕಾಲು ಗಂಟೆ. ಆದ್ದರಿಂದ ನಿಧಾನದ ಹಾರ್ಡನರ್ ಕೊಳ್ಳಿ. ಕಲಸಿದ್ದನ್ನು ಕಪ್ಪಿನಲ್ಲೇ ಬಿಡದೆ ತಕ್ಷಣ ಬಟ್ಟೆಯ ಮೇಲೆ ಸುರಿದು ಹರಡಿ. ಒಂದೆಡೆ ಗುಡ್ಡೆಯಾಗಿದ್ದರೆ ಅದು ತನ್ನ ಕಾವಿನಲ್ಲೇ ಕುದಿದು ಹೊಗೆಯಾಡುತ್ತದೆ.

ಪಾಲಿಯೆಸ್ಟರ್‌ನಲ್ಲಿ ಪಳಗಿದವರು ಬೇಗ ಒಣಗಲೆಂದು ಹಾರ್ಡನರ್ ನಾಲ್ಕು ಹನಿ ಹೆಚ್ಚು ಹಾಕುತ್ತಾರೆ. ಇಪಾಕ್ಸಿಯಲ್ಲಿ ಇದು ನಡೆಯುವುದಿಲ್ಲ. ಇಲ್ಲಿ ಹಾರ್ಡನರ್ ರೆಸಿನ್‌ನೊಂದಿಗೆ ಲೆಕ್ಕದ ಪ್ರಕಾರ ಬೆಸೆದುಕೊಳ್ಳುತ್ತದೆ. ಹೆಚ್ಚಾದರೂ ಕಡಿಮೆಯಾದರೂ ಪದರ ಮೆತ್ತಗಾಗುತ್ತದೆ. ಅಳತೆಯಿಂದ 2:1 ಎಂದಿರುವುದನ್ನು ತೂಕದಲ್ಲಿ 2:1 ಎಂದುಕೊಳ್ಳಬೇಡಿ. ಎರಡರ ಸಾಂದ್ರತೆ ಬೇರೆ ಬೇರೆ. ಹಾಳೆಯಲ್ಲಿ ತೂಕದ ಅನುಪಾತ ಕೊಟ್ಟಿದ್ದರೆ ಡಿಜಿಟಲ್ ತೂಕದ ಯಂತ್ರದಲ್ಲಿ ತೂಗಿ, ಕಪ್ಪಿನ ಅಂಚು ಕೆರೆಯುತ್ತ ಎರಡು ಮೂರು ನಿಮಿಷ ಕಲಸಿ.

ನನ್ನ ಮೊದಲ ಬೋರ್ಡ್‌ಗೆ ಬೆಳಿಗ್ಗೆ ಒಂಬತ್ತಕ್ಕೆ ಬಟ್ಟೆ ಹೊದಿಸಿದೆ. ಬಿಸಿಲೇರಿದಂತೆ ಥರ್ಮೋಕೋಲ್‌ನೊಳಗಿನ ಗಾಳಿ ಹಿಗ್ಗಿ ಮೈತುಂಬ ಗುಳ್ಳೆ ಎಬ್ಬಿಸಿತು. ಅದನ್ನು ಕೆರೆದು ತೆಗೆದ ದಿನ ತುಂಬ ನೊಂದಿದ್ದೆ. ಈಗ ಸಂಜೆ, ಉಷ್ಣತೆ ಇಳಿಯುವ ಹೊತ್ತಿಗೇ ಕೆಲಸ ಶುರುಮಾಡುತ್ತೇನೆ.

ಮಳೆಗಾಲದ ತೇವದಲ್ಲಿ ಪದರದ ಮೇಲೆ ಮೇಣದಂಥ ಜಿಡ್ಡು ಬರುತ್ತದೆ. ಮುಂದಿನ ಪದರಕ್ಕೆ ಮೊದಲು ಅದನ್ನು ನೀರು ಹಾಕಿ ಪಾತ್ರೆ ಉಜ್ಜುವ ನಾರಿನಿಂದ ತೊಳೆಯಿರಿ. ತೊಳೆಯದೆ ಸ್ಯಾಂಡ್‌ಪೇಪರ್ ಹಿಡಿದರೆ ಜಿಡ್ಡು ಇನ್ನೂ ಒಳಗೆ ಸೇರುತ್ತದೆ.

ಬಟ್ಟೆಯ ವಿಷಯ: ನೇಯ್ದದ್ದೇ ಬೇಕು. ದೋಣಿಗೆ ಹಾಕುವ ಕತ್ತರಿಸಿದ ಎಳೆಗಳ ಚಾಪೆ ಬೇಡ, ಅದನ್ನು ಹಿಡಿದಿಡುವ ಅಂಟು ಸಾಮಾನ್ಯವಾಗಿ ಕರಗುವುದು ಸ್ಟೈರೀನ್‌ನಲ್ಲಿ, ಇಪಾಕ್ಸಿಯಲ್ಲಿ ಅದಿಲ್ಲ. ಚದರ ಮೀಟರಿಗೆ 200 ಗ್ರಾಂ ತೂಗುವ ಬಟ್ಟೆಯನ್ನು ಮೇಲ್ಭಾಗಕ್ಕೆ ಎರಡು, ಕೆಳಭಾಗಕ್ಕೆ ಒಂದು ಪದರ ಹಾಕಿದರೆ ಬಟ್ಟೆಯೇ ಸುಮಾರು 550 ಗ್ರಾಂ ಆಗುತ್ತದೆ. ರೆಸಿನ್ ಅಷ್ಟೇ ತೂಕ ಹಿಡಿಯುತ್ತದೆ. ಬಟ್ಟೆಯ ನೇಯ್ಗೆ ಮುಚ್ಚಲು ಮೇಲೆ ಬಳಿಯುವ ತುಂಬು ಪದರಗಳು, ಸೋರಿ ಹೋಗುವುದು ಸೇರಿ, ರೆಸಿನ್ ಮತ್ತು ಹಾರ್ಡನರ್ ಎರಡನ್ನೂ ಕೂಡಿಸಿ 2 ಕಿಲೋ ಕೊಂಡರೆ ಸಾಕು.

ವಾಸನೆ ಕಡಿಮೆಯೆಂದು ಬರಿಗೈಯಲ್ಲಿ ಮುಟ್ಟಲೇಬೇಡಿ. ಇಪಾಕ್ಸಿಯ ಅಲರ್ಜಿ ಒಮ್ಮೆ ಬಂದರೆ ಜೀವನಪೂರ್ತಿ ಬಿಡದಿರಬಹುದು, ಆಗ ಈ ಕೆಲಸವನ್ನೇ ಬಿಡಬೇಕಾಗುತ್ತದೆ. ನೈಟ್ರೈಲ್ ಕೈಗವಸು ಹಾಕಿಕೊಳ್ಳಿ, ಉಜ್ಜುವಾಗ ಧೂಳಿನ ಮಾಸ್ಕ್ ಕಟ್ಟಿಕೊಳ್ಳಿ. ಕೈಗೆ ತಗುಲಿದರೆ ಸೋಪು ನೀರಿನಲ್ಲಿ ತೊಳೆಯಿರಿ, ಅಸಿಟೋನ್ ಹಚ್ಚಬೇಡಿ.

ಎರಡು ಕಿಲೋ ಕೊಳ್ಳುವ ಮುನ್ನ ಚಿಕ್ಕ ಡಬ್ಬಿ ತನ್ನಿ. ಕೆತ್ತುವಾಗ ಉಳಿದ ತುಂಡಿನ ಮೇಲೆ ಅಂಗೈಯಗಲ ಬಟ್ಟೆ ಹೊದಿಸಿ, ನಿಮ್ಮದೇ ಶೆಡ್ಡಿನಲ್ಲಿ, ನೀವು ಕೆಲಸ ಮಾಡುವ ಹೊತ್ತಿಗೇ. ಎರಡು ದಿನ ಬಿಟ್ಟು ಉಗುರಿನಿಂದ ಒತ್ತಿ ನೋಡಿ. ಗುರುತು ಉಳಿದರೆ ಆ ರೆಸಿನ್ ನಿಮ್ಮ ಬೋರ್ಡಿಗೆ ಬೇಡ.