ಮಿದುಳಿನಲ್ಲೂ ಸಸಿ ಕೀಳುವ ಕೆಲಸ

ಸಿಂಧನೂರು ಕಡೆಯ ನಮ್ಮ ಅಕ್ಕನೊಬ್ಬಳ ಮಗನಿಗೆ ಹತ್ತೊಂಬತ್ತರಲ್ಲಿ ಕಿವಿಯಲ್ಲಿ ಯಾರೋ ಮಾತಾಡಿದಂತೆ ಕೇಳತೊಡಗಿತು. ಎರಡು ವರ್ಷ ನಿಂಬೆಹಣ್ಣು, ಅಮಾವಾಸ್ಯೆ ಅಂತ ಓಡಾಡಿದರು. ತೋಳಿನಲ್ಲಿ ಮೂರು ತಾಯತ, ಕರಿ ದಾರ ಚರ್ಮಕ್ಕೆ ಒತ್ತಿ ಗೆರೆ ಬಿದ್ದಿತ್ತು. ಕೊನೆಗೆ ಡಾಕ್ಟರ್ ಕೇಳಿದ್ದು, "ಹೆರಿಗೆ ಹೆಂಗಾಗಿತ್ತಮ್ಮಾ?" ಅಂತ. "ಹುಟ್ಟಿದಾಗ ಅಳ್ಲಿಲ್ರೀ, ಮೈ ನೀಲಿಗಟ್ಟಿತ್ತು."

ಅವನಿಗಿದ್ದದ್ದು ಸ್ಕಿಜೋಫ್ರೇನಿಯಾ, ಇಲ್ಲದ ದನಿ ಕೇಳಿಸುವಂಥ ಮಾನಸಿಕ ಕಾಯಿಲೆ. ಇದಕ್ಕೂ ಹೆರಿಗೆಗೂ ಏನು ಸಂಬಂಧ? ಇದೆ. ಹುಟ್ಟುವಾಗ ಉಸಿರು ಕಟ್ಟಿದ, ತೀರಾ ಕಡಿಮೆ ತೂಕದ ಮಕ್ಕಳಿಗೆ ಮುಂದೆ ಸ್ಕಿಜೋಫ್ರೇನಿಯಾ ಬರುವ ಸಾಧ್ಯತೆ ಹೆಚ್ಚುಕಮ್ಮಿ ದುಪ್ಪಟ್ಟು. 1944-45ರ ಚಳಿಗಾಲದಲ್ಲಿ ಜರ್ಮನ್ ಸೇನೆ ಆಹಾರ ತಡೆದದ್ದಕ್ಕೆ ನೆದರ್‌ಲ್ಯಾಂಡ್ಸ್‌ನ ಜನ ಟ್ಯುಲಿಪ್ ಗಡ್ಡೆ ತಿಂದು ಬದುಕಿದರು. ಆ ಹಸಿವಿನ ನಡುವೆ ಗರ್ಭದಲ್ಲಿ ಮೂಡಿದ ಮಕ್ಕಳಲ್ಲೂ ಮುಂದೆ ಇದೇ ದುಪ್ಪಟ್ಟು ಕಂಡಿತು.

ಆದರೆ ಹುಟ್ಟಿದಾಗಿನ ಪೆಟ್ಟು ಹತ್ತೊಂಬತ್ತಕ್ಕೆ ಯಾಕೆ ಹೊರಬರಬೇಕು? ನನಗೆ ತುಂಬಾ ಇಷ್ಟದ ಭಾಗ ಇದು. ಹತ್ತಿ ಊರುವಾಗ ಗುಣಿಗೆ ಎರಡು ಬೀಜ ಹಾಕಿ, ಮೊಳೆತ ಮೇಲೆ ಸೊರಗಿದ್ದನ್ನು ಕೀಳುತ್ತೇವೆ, ಅಲ್ವಾ? ಮಿದುಳೂ ಹಾಗೇ. ಚಿಕ್ಕಂದಿನಲ್ಲಿ ನರಕೋಶಗಳ ನಡುವೆ ಬೇಕಾದ್ದಕ್ಕಿಂತ ಜಾಸ್ತಿ ಕೊಂಡಿ ಬೆಳೆಸಿ, ಹರೆಯದಲ್ಲಿ ಬೇಡದ್ದನ್ನು ಕೀಳುತ್ತದೆ. ಕೀಳುವ ಆಳು ಯಾರು ಗೊತ್ತಾ? ರೋಗನಿರೋಧಕ ವ್ಯವಸ್ಥೆ! ರಸ್ತೆ ಅಗಲ ಮಾಡುವಾಗ ಒಡೆಯಬೇಕಾದ ಗೋಡೆಗೆ ಕೆಂಪು ಗುರುತು ಹಾಕುತ್ತಾರಲ್ಲ, ಹಾಗೆ ತೆಗೆಯಬೇಕಾದ ಕೊಂಡಿಗೆ ಗುರುತು ಬೀಳಲು ಸಿ4 ಎಂಬ ಪ್ರೋಟೀನು ನೆರವಾಗುತ್ತದೆ. ಹಿಂದೆಯೇ ಮೈಕ್ರೋಗ್ಲಿಯಾ ಎಂಬ ಮಿದುಳಿನ ಕಾವಲು ಕೋಶಗಳು ಜೆಸಿಬಿಯಂತೆ ಬಂದು ಅದನ್ನು ನುಂಗುತ್ತವೆ. ಸಿ4 ಜಾಸ್ತಿ ತಯಾರಿಸುವ ವಂಶವಾಹಿ ಇದ್ದವರಿಗೆ ಈ ಕಾಯಿಲೆಯ ಅಪಾಯ ಜಾಸ್ತಿ ಅಂತ 2016ರಲ್ಲಿ ಹಾರ್ವರ್ಡ್‌ನ ವಿಜ್ಞಾನಿಗಳು ತೋರಿಸಿದರು. ಗುರುತು ವಿಪರೀತ ಬಿದ್ದರೆ ನಿಲ್ಲಬೇಕಾದ ಗೋಡೆಯೂ ಬೀಳುತ್ತದೆ ಎಂಬುದು ಅವರ ಅನುಮಾನ. ಬಸುರಿದ್ದಾಗ ತಾಯಿಗೆ ಬಂದ ಸೋಂಕು, ಹೆರಿಗೆಯ ಪೆಟ್ಟು ಈ ಕೋಶಗಳನ್ನು ಮೊದಲೇ ಕೆರಳಿಸಿಟ್ಟಿರಬಹುದು.

ಇದರಲ್ಲಿ ಗಾಳಿ ಎಲ್ಲಿದೆ, ಮಾಟ ಎಲ್ಲಿದೆ? ಹಳ್ಳಿಯ ಆರೋಗ್ಯ ಕೇಂದ್ರದಲ್ಲೇ ಮಾನಸಿಕ ಕಾಯಿಲೆಗೆ ಮಾತ್ರೆ ಕೊಡಬಹುದು ಅಂತ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಮಾಡಿ ತೋರಿಸಿದ್ದು ಪಕ್ಕದ ಬಳ್ಳಾರಿ ಜಿಲ್ಲೆಯಲ್ಲೇ. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಆದರೂ ನಾವು ಎರಡು ವರ್ಷ ಸುಮ್ನೆ ಕಳೆದೆವು. ನೆನೆದರೆ ಹೊಟ್ಟೆ ಉರಿಯುತ್ತದೆ.

ಅಕ್ಕ ಆಮೇಲೆ ಕೇಳಿದಳು, "ಹಂಗಾದ್ರ ನಂದ ತಪ್ಪೇನೋ ತಮ್ಮಾ?" ಅಲ್ಲಕ್ಕ. ದುಪ್ಪಟ್ಟು ಅಂದರೆ ನೂರಕ್ಕೆ ಒಬ್ಬರಿದ್ದದ್ದು ಇಬ್ಬರಾಗುತ್ತದೆ, ಅಷ್ಟೇ. ನೀಲಿಗಟ್ಟಿ ಹುಟ್ಟಿದವರು ನಿಮ್ಮ ಓಣಿಯಲ್ಲೇ ಇನ್ನಿಬ್ಬರಿದ್ದಾರೆ. ಒಬ್ಬ ಟ್ರ್ಯಾಕ್ಟರ್ ಓಡಿಸುತ್ತಾನೆ, ಇನ್ನೊಬ್ಬಳು ಟೀಚರ್.