ಸ್ವಾತಂತ್ರ್ಯ ಬಂದ ಮೇಲೂ ಬ್ರಿಟಿಷರನ್ನೇ ದೂರಬೇಕಾ?

ಪ್ರಶ್ನೆ: ಆಫ್ರಿಕಾದ ಎಷ್ಟೋ ದೇಶಗಳಿಗೆ ಸ್ವಾತಂತ್ರ್ಯ ಬಂದು ಅರವತ್ತು ವರ್ಷ ದಾಟಿದೆ. ಕಾಡು ಮುಳುಗಿಸಿದ್ದು, ಜನರನ್ನು ಎಬ್ಬಿಸಿದ್ದು ಅವರದೇ ಸರ್ಕಾರಗಳು. ಈಗಲೂ ವಸಾಹತುಶಾಹಿಯನ್ನು ದೂರುವುದು ಸುಮ್ನೆ ನೆಪ ಅಲ್ವಾ?

ಉತ್ತರ: ಸ್ವಲ್ಪ ಮಟ್ಟಿಗೆ ನೆಪ ಹೌದು. ಪೂರ್ತಿ ಅಲ್ಲ. ಘಾನಾದ ಅಕೊಸೊಂಬೊ ಅಣೆಕಟ್ಟಿನ ಕಥೆಯನ್ನೇ ನೋಡಿ.

ವೋಲ್ಟಾ ನದಿಗೆ ಅಣೆಕಟ್ಟು ಕಟ್ಟಬಹುದು ಎಂದು ಬ್ರಿಟಿಷ್ ಭೂವಿಜ್ಞಾನಿ ಆಲ್ಬರ್ಟ್ ಕಿಟ್ಸನ್ 1915ರಲ್ಲೇ ಗುರುತಿಸಿದ್ದರು. ಘಾನಾದಲ್ಲಿ ಅಲ್ಯೂಮಿನಿಯಂ ಅದಿರಾದ ಬಾಕ್ಸೈಟ್ ಇತ್ತು. ಬ್ರಿಟನ್ನಿಗೆ ಅಲ್ಯೂಮಿನಿಯಂ ಬೇಕಿತ್ತು. 1957ರಲ್ಲಿ ಸ್ವಾತಂತ್ರ್ಯ ಬಂದಾಗ ದೇಶದ ಮೊದಲ ಪ್ರಧಾನಿ ಕ್ವಾಮೆ ಎನ್‌ಕ್ರುಮಾ ಅದೇ ಯೋಜನೆಯನ್ನು ಕೈಗೆತ್ತಿಕೊಂಡರು. ಅವರಿಗೆ ಯಾರೂ ಒತ್ತಾಯ ಮಾಡಲಿಲ್ಲ. ಅಣೆಕಟ್ಟು ಅವರ ಕನಸೇ ಆಗಿತ್ತು.

ತೊಡಕು ದುಡ್ಡಿನದು. ಖರ್ಚಿನ ಅರ್ಧವನ್ನು ಘಾನಾ ಹಾಕಿತು. ಉಳಿದದ್ದು ವಿಶ್ವಬ್ಯಾಂಕ್, ಅಮೆರಿಕ, ಬ್ರಿಟನ್‌ಗಳ ಸಾಲ. ಸಾಲ ಸಿಗಬೇಕಾದರೆ ಕರೆಂಟಿಗೆ ಖಾತ್ರಿ ಗಿರಾಕಿ ಬೇಕಿತ್ತು. ಆ ಗಿರಾಕಿ ಅಮೆರಿಕದ ಕೈಸರ್ ಕಂಪನಿ ಘಾನಾದ ಬಂದರು ಪಟ್ಟಣ ತೇಮಾದಲ್ಲಿ ಹಾಕಿದ ವಾಲ್ಕೊ ಅಲ್ಯೂಮಿನಿಯಂ ಕಾರ್ಖಾನೆ. ಅದು ಕೇಳಿದ್ದೂ ಕಡಿಮೆಯಲ್ಲ: ತೀರಾ ಅಗ್ಗದ ದರ, ದಶಕಗಳ ಕರಾರು, ತೆರಿಗೆ ವಿನಾಯಿತಿ. ಉತ್ಪಾದನೆಯಾದ ಕರೆಂಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲಿಗೇ ಹೋಗುತ್ತಿತ್ತು. ಇಷ್ಟಾದರೂ ಕಾರ್ಖಾನೆ ಘಾನಾದ ಬಾಕ್ಸೈಟ್ ಮುಟ್ಟಲಿಲ್ಲ, ಹೊರದೇಶದಿಂದ ಅಲ್ಯುಮಿನಾ (ಬಾಕ್ಸೈಟನ್ನು ಸಂಸ್ಕರಿಸಿ ತೆಗೆದ ಪುಡಿ) ತರಿಸಿಕೊಂಡಿತು! ಯಾವ ಅದಿರನ್ನು ತೋರಿಸಿ ಯೋಜನೆ ಶುರುವಾಯಿತೋ ಅದು ಈ ಕಾರ್ಖಾನೆಗೆ ಬರಲೇ ಇಲ್ಲ. ದರ ಪರಿಷ್ಕರಿಸಿ ಗಟ್ಟಿ ಒಪ್ಪಂದ ಮಾಡಿಕೊಳ್ಳಲು 1985ರವರೆಗೆ ಕಾಯಬೇಕಾಯಿತು.

ಬೆಲೆ ತೆತ್ತವರು ನದಿ ದಡದವರು. 1965ರಲ್ಲಿ ಅಣೆಕಟ್ಟು ಮುಗಿಯಿತು. ಸುಮಾರು 8,500 ಚದರ ಕಿಲೋಮೀಟರ್ ನೀರಿನಡಿ ಹೋಯಿತು. 740ರಷ್ಟು ಹಳ್ಳಿಗಳಿಂದ ಸುಮಾರು 80,000 ಜನ ಎದ್ದರು. (ನಮ್ಮ ಲಿಂಗನಮಕ್ಕಿಯೂ ಅದೇ ದಶಕದ್ದು. ಶರಾವತಿ ಸಂತ್ರಸ್ತರ ಊರಿನವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ.) 52 ಹೊಸ ಊರುಗಳಲ್ಲಿ ಅವರಿಗೆ ಸಿಕ್ಕಿದ್ದು ಒಂದೇ ಕೋಣೆ ಪೂರ್ತಿಯಾದ ಮನೆಗಳು. ಉಳುವ ಜಮೀನು ಹೊತ್ತಿಗೆ ಸರಿಯಾಗಿ ತಯಾರಾಗಲಿಲ್ಲ. ಎಷ್ಟೋ ಜನ ಬಿಟ್ಟು ಹೋದರು. ನಿಂತ ನೀರಿನಲ್ಲಿ ಬಸವನಹುಳು ಹೆಚ್ಚಿ, ಅದರಿಂದ ಹರಡುವ ಬಿಲ್ಹಾರ್ಜಿಯಾ ರೋಗ ದಡದ ಮಕ್ಕಳನ್ನು ಹಿಡಿಯಿತು. ಅಣೆಕಟ್ಟಿನ ಕೆಳಗೆ ಪ್ರವಾಹ ಬರುವುದು ನಿಂತಿತು. ಪ್ರವಾಹವನ್ನೇ ನಂಬಿದ್ದ ಬೇಸಾಯ, ಚಿಪ್ಪುಮೀನಿನ ಕಸುಬು ಎರಡೂ ಸೊರಗಿದವು.

ಹಾಗಾದರೆ ತಪ್ಪು ಯಾರದು? ಕರೆಂಟಿನ ಕರಾರಿನ ವಿಷಯದಲ್ಲಿ ಸಾಲ ಕೊಟ್ಟವರ, ಕಂಪನಿಯವರ ಪಾಲೇ ದೊಡ್ಡದು ಅನ್ನುವುದು ನನ್ನ ಅಭಿಪ್ರಾಯ. ಹೊಸ ದೇಶದ ಬಳಿ ಬೇರೆ ಗಿರಾಕಿ ಇರಲಿಲ್ಲ, ಅದು ಎದುರಿನವರಿಗೆ ಗೊತ್ತಿತ್ತು. ಪುನರ್ವಸತಿಯ ಮಾತು ಬೇರೆ. ಅಲ್ಲಿ ಕೈಚೆಲ್ಲಿದ್ದು ರಾಜಧಾನಿ ಅಕ್ರಾದ ಸರ್ಕಾರಗಳು, ಒಂದಾದ ಮೇಲೊಂದು. 2023ರ ಅಕ್ಟೋಬರಿನಲ್ಲಿ ಅಕೊಸೊಂಬೊದಿಂದ ನೀರು ಬಿಟ್ಟಾಗ ಕೆಳಗಿನ ಮೆಪೆಯಂಥ ಊರುಗಳು ಮುಳುಗಿ ಸಾವಿರಾರು ಜನ ಮನೆ ಬಿಡಬೇಕಾಯಿತು. ನೀರು ಬಿಟ್ಟದ್ದು ಘಾನಾದ್ದೇ ಸರ್ಕಾರಿ ಸಂಸ್ಥೆ. ಅದರ ಲೆಕ್ಕವನ್ನು ಲಂಡನ್ನಿನಲ್ಲಿ ಕೇಳಲಾಗದು.